ಬಿಚ್ಚಿದರೂ ಬೀಳದ ಬೋಲ್ಟು

"ತಲೆ ಎತ್ತಬೇಡ್ರೋ, ಕಾಲು ತಿರುಗಿಸಿ!" ಎಂದು ಮೈದುನ ಕೂಗಿದ.

ಕಾಲು ತಿರುಗಲಿಲ್ಲ. ಮಲಗುವ ಕೋಣೆಯಿಂದ ಹೊರಬಾಗಿಲಿಗೆ ಹೋಗುವ ಇಕ್ಕಟ್ಟು ಹಾದಿಯಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ಅಡ್ಡ ಬಂದದ್ದು ಗೋಡೆಯ ಉದ್ದಕ್ಕೂ ಇದ್ದ ಕಬ್ಬಿಣದ ಹಿಡಿಕಂಬಿ. ಅದನ್ನು ಹಿಡಿದು ನಿಂತವಳು ಸತ್ತವನ ಹೆಂಡತಿ. ಪಾರ್ಶ್ವವಾಯು ಬಡಿದ ಮೇಲೆ ಅವಳು ನಿಲ್ಲುತ್ತಿದ್ದುದೇ ಅದರ ದಯೆಯಿಂದ.

"ಸ್ವಲ್ಪ ಕೂತ್ಕೊಳ್ಳಿ ಅತ್ತಿಗೆ. ಇದನ್ನ ತೆಗೀಬೇಕು."

"ನಾನೂ ಕೆಳಗೆ ಬರ್ಬೇಕು ಕಣಪ್ಪಾ. ವ್ಯಾನಿನ ತನಕ."

"ಮತ್ತೆ ಹಾಕಿಕೊಡ್ತೀವಿ, ಬರೋರಂತೆ."

ಅವಳನ್ನು ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರು. ಸ್ಪ್ಯಾನರ್ ಕಂಬಿಯ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿತ್ತು. ಗಂಡನ ಆಫೀಸಿನ ದೊಡ್ಡ ಸಾಹೇಬರು ಬಗ್ಗಿ ಬೋಲ್ಟು ನೋಡಿದರು. ಹೆಣದ ಮುಖವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಸೇನೆಯ ಲಾರಿಗಳಿಗೆ ಸತ್ತವನು ಜೀವಮಾನವಿಡೀ ಮಾಡಿದ್ದು ಇದನ್ನೇ: ಎಲ್ಲ ಭಾಗಕ್ಕೂ ಒಂದೇ ಅಳತೆಯ ಬೋಲ್ಟು, ಬಿಚ್ಚಿದರೂ ಕೆಳಗೆ ಬೀಳದೆ ಭಾಗದಲ್ಲೇ ಜೋತುಬಿದ್ದಿರುವಂಥದು. ಕೆಸರಲ್ಲಿ, ಕತ್ತಲಲ್ಲಿ, ಯಾವ ದಡ್ಡನಾದರೂ ಬಿಚ್ಚಬಹುದು. ಖರ್ಚೂ ಕಮ್ಮಿ.

"ನೋಡಿದ್ರಾ? ಮನೇಲೂ ಅದೇ ಡಿಸೈನು!" ಎಂದು ಸಾಹೇಬರು ಹಿಗ್ಗಿದರು.

* * *

ಕಂಬಿ ಕೂರಿಸಿದ ಭಾನುವಾರ ಅವಳು ಕೇಳಿದ್ದಳು: "ಗಾರೆ ಹಾಕಿ ಶಾಶ್ವತವಾಗಿ ಕೂರಿಸ್ಬಾರ್ದಾ?"

ಗಂಡ ತಲೆ ಎತ್ತಲಿಲ್ಲ. "ಬಿಚ್ಚೋಕೂ ಬರ್ಬೇಕಲ್ಲ. ನಿನ್ನನ್ನ ಹೊತ್ಕೊಂಡು ಹೋಗೋವಾಗ ಸ್ಟ್ರೆಚರ್ ತಿರುಗ್ಬೇಡ್ವಾ? ಅಳತೆ ತಗೊಂಡಿದೀನಿ."

"ನಾನೇ ಮೊದಲು ಅಂತ ಯಾರು ಹೇಳಿದ್ದು?"

"ಸವೆದಿರೋದು ತಾನೇ ಮೊದಲು ಹೋಗೋದು?" ಎಂದವನು ಎದ್ದು ಅವಳಿಗೆ ಕಾಫಿ ಮಾಡಿ ತಂದುಕೊಟ್ಟ. ಸಕ್ಕರೆ ಹದವಾಗಿತ್ತು.

* * *

ಕಂಬಿ ಗಳಿಗೆಯಲ್ಲಿ ಕಳಚಿ ಬಂತು. ಸ್ಟ್ರೆಚರ್ ಬೆಣ್ಣೆಯ ಹಾಗೆ ತಿರುಗಿತು. "ಭೇಷ್!" ಎಂದು ಸಾಹೇಬರ ಬಾಯಿಂದ ಹೊರಟೇಬಿಟ್ಟಿತು.

ಮೆಟ್ಟಿಲ ಬಳಿ ಸ್ಟ್ರೆಚರಿನ ಒಂದು ಹಿಡಿ ಮುರಿಯಿತು.

"ಆ ಕಂಬೀನೇ ಸ್ಟ್ರೆಚರ್ ಕೆಳಗೆ ಕೊಡ್ರೋ!" ಮೈದುನನ ದನಿ.

ಕೊಟ್ಟರು. ಬೋಲ್ಟುಗಳು, ಒಂದೂ ಬೀಳದೆ, ಕಿಣಿಕಿಣಿ ಎನ್ನುತ್ತ ಮಹಡಿ ಇಳಿದವು.

"ಕಂಬಿ! ನನ್ನ ಕಂಬಿ!" ಎಂದು ಅವಳು ಕೂಗಿಕೊಂಡಳು.

"ಅಳ್ಬೇಡಿ ಅತ್ತಿಗೆ! ಬೇಗ ಬನ್ನಿ, ವ್ಯಾನಿನೋನು ಕಾಯಲ್ಲ!"

ಅವಳು ಕುರ್ಚಿ ಬಿಟ್ಟು ಎದ್ದು ಗೋಡೆಗೆ ಒರಗಿದಳು. ಮೊದಲ ಬೋಲ್ಟಿನ ತೂತಿಗೆ ಬೆರಳು ತೂರಿಸಿ ಬಿಗಿಹಿಡಿದಳು. ಎರಡನೆಯದು ಕೈಗೆ ಎಟುಕದಷ್ಟು ಆಚೆಗಿತ್ತು. ಕೆಳಗೆ ವ್ಯಾನಿನ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಅದರ ಬೆನ್ನಿಗೇ, ವ್ಯಾನಿನ ಒಳಗಿಂದ, ಸಣ್ಣಗೆ, ಕಿಣಿಕಿಣಿ.