ಕಪ್ಪೆ ಬೀಳುವ ತನಕ

ಶಿಶುವಿಹಾರದಲ್ಲಿ ಎಲ್ಲರೂ ಅವಳನ್ನು ಗಿಣಿ ಟೀಚರ್ ಎನ್ನುತ್ತಿದ್ದರು. ಅದಕ್ಕೆ ಮೂಗು ಕಾರಣವಲ್ಲ, ನಾಲಿಗೆ. ಹೆಡ್ ಮೇಡಮ್ಮಿನ ಪೀಠಿಕೆಯ ಕೆಮ್ಮು, ಆಯಾಳ ಮೂಗಿನ ಗೊಣಗಾಟ, ಬಸ್ ಡ್ರೈವರನ ಆಕಳಿಕೆ ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗಿದ್ದವು. ಬಾಡಿಗೆ ಮಾತ್ರ ಯಾರಿಗೂ ಸಂದಾಯವಾಗುತ್ತಿರಲಿಲ್ಲ.

ಆ ವಾರ ಮಕ್ಕಳಿಗೆ ಚಳಿಗಾಲದ ಪಾಠ. ಹತ್ತಿ ಅಂಟಿಸಿ ಹಿಮ ಮಾಡಿದ್ದಾಯಿತು, ಕೈಗವಸುಗಳಿಗೆ ಜೋಡಿ ಹುಡುಕಿದ್ದಾಯಿತು. ಇವತ್ತು ಕರಡಿಯಾಟ. ಕರಡಿಗಳು ಗುಹೆ ಹುಡುಕಿಕೊಂಡು ಮಲಗಬೇಕು, ವಸಂತ ಬಂದಾಗ ಗುರುಗುಟ್ಟುತ್ತ ಏಳಬೇಕು.

"ವಸಂತ ಬಂದಿದ್ದು ಹೆಂಗೆ ಗೊತ್ತಾಗುತ್ತೆ ಟೀಚರ್?" ಎಂದು ಕೇಳಿದ್ದು ಗುಂಡಿ. ಕೋಟಿನ ಗುಂಡಿಗಳನ್ನೆಲ್ಲ ಕತ್ತಿನವರೆಗೂ ಹಾಕಿಕೊಂಡೇ ಇರುವ ಹುಡುಗಿ. ಒಂದು ಬಿಚ್ಚಿದ್ದರೂ ಪಾಠಕ್ಕೆ ಕೂರುತ್ತಿರಲಿಲ್ಲ. ಹೇಳಿದ ಮಾತು ಅವಳ ಮಟ್ಟಿಗೆ ಕಲ್ಲಿನ ಮೇಲಿನ ಗೆರೆ.

ಗಿಣಿ ಟೀಚರ್ ಕಂಬಿಯ ಸ್ಟ್ಯಾಂಡೊಂದನ್ನು ತೋರಿಸಿದಳು. ಮೇಲೆ ಒಂದು ಮಂಜುಗಡ್ಡೆ, ಗಡ್ಡೆಯೊಳಗೆ ಒಂದು ತಗಡಿನ ಕಪ್ಪೆ, ಕೆಳಗೆ ತಟ್ಟೆ. "ಮಂಜು ಕರಗಿ ಕಪ್ಪೆ ಟಣ್ ಅಂತ ಬಿದ್ರೆ ವಸಂತ. ಅಲ್ಲೀವರೆಗೂ ಯಾರೂ ಏಳಂಗಿಲ್ಲ. ನೆನಪಿರ್ಲಿ, ಮಧ್ಯದಲ್ಲಿ ನರಿ ಬರುತ್ತೆ. ನಿಮ್ಮಮ್ಮನ ದನಿಯಲ್ಲೇ ಕರೆಯುತ್ತೆ. ಓಗೊಟ್ರೋ, ಗುಳುಂ!"

ನರಿ ಬಂತು. ಹೆಡ್ ಮೇಡಂ ಆಗಿ ಕೆಮ್ಮಿತು, ಆಯಾ ಆಗಿ ಗೊಣಗಿತು. ಕೊನೆಗೆ ಗುಂಡಿಯ ಅಮ್ಮನೂ ಆಯಿತು. ಅಮ್ಮ ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವವಳು. ಅತ್ತ ಕಡೆ ಜೀವ ಹೋಗುತ್ತಿದ್ದರೂ ಇತ್ತ ದನಿ ಇಸ್ತ್ರಿ ಹಾಕಿದ ಹಾಗಿರುತ್ತಿತ್ತು. "ಹೇಳಿ, ಏನಾಗಿದೆ?" ಎಂದಿತು ನರಿ, ಥೇಟ್ ಅದೇ ದನಿಯಲ್ಲಿ. ಕಂಬಳಿಗಳ ಕೆಳಗಿಂದ ಕಿಸಕ್ಕೆಂಬ ನಗು. ಒಂದು ಕರಡಿಯೂ ಹೊರಬರಲಿಲ್ಲ.

ಕಪ್ಪೆಯ ಒಂದು ಕಾಲು ಹೊರಬಂದಿತ್ತು, ಅಷ್ಟರಲ್ಲಿ ಬಸ್ಸಿನ ಹಾರನ್. ಕರಡಿಗಳೆಲ್ಲ ಒಂದೇ ಏಟಿಗೆ ಮಕ್ಕಳಾಗಿ ಬಾಗಿಲಿಗೆ ನುಗ್ಗಿದವು. ಚೀಲ, ಟೋಪಿ, ಎಡ ಕಾಲಿಗೆ ಬಲ ಕಾಲಿನ ಬೂಟು. ನೀರು ಚೆಲ್ಲೀತೆಂದು ಆಯಾ ಸ್ಟ್ಯಾಂಡನ್ನು ಕಿಟಕಿಯ ಹೊರಗಟ್ಟೆಗೆ ತಳ್ಳಿದಳು. ಕಂಬಳಿಗಳನ್ನೆಲ್ಲ ಬಾಚಿ ಕಿಟಕಿ ಕೆಳಗಿನ ಮರದ ಪೆಟ್ಟಿಗೆಗೆ ತುರುಕಿ, ಮುಚ್ಚಳ ಪೂರ್ತಿ ಕೂರದಿದ್ದರೂ ಸೈ ಅಂದುಕೊಂಡಳು.

ಬಸ್ಸು ಹೋಯಿತು. ಗುಂಡಿ ಬಸ್ಸಿನ ಮಗುವಲ್ಲ, ಅಮ್ಮ ಬಂದು ಕರೆದೊಯ್ಯಬೇಕು. ಅಮ್ಮ ಬಂದಳು.

"ಎಲ್ಲಿ ನಮ್ಮ ಗುಂಡಿ?"

ಗಿಣಿ ಟೀಚರ್ ತಿರುಗಿ ನೋಡಿದಳು. ಕುರ್ಚಿಗಳು ಮಾತ್ರ ಇದ್ದವು. ಆಟಕ್ಕೆಂದು ಕಳಚಿಟ್ಟ ಅವಳ ಕೋಟು ಗೂಟದಲ್ಲಿ ನೇತಾಡುತ್ತಿತ್ತು, ಎಲ್ಲ ಗುಂಡಿ ಹಾಕಿಕೊಂಡೇ.

"ಬಚ್ಚಲಲ್ಲಿರ್ಬೇಕು," ಎಂದಳು. ಇರಲಿಲ್ಲ. ಡ್ರೈವರನಿಗೆ ಫೋನ್ ಹೋಯಿತು. "ನಮ್ ಲೆಕ್ಕದ ಮಕ್ಕಳು ಬಿಟ್ರೆ ಒಂದು ನೊಣಾನೂ ಹತ್ತಿಲ್ಲ ಕಣಮ್ಮ." ಕಪಾಟು, ಗೊಂಬೆಮನೆ, ಅಡುಗೆಕೋಣೆ, ಮೇಜುಗಳ ಕೆಳಗೆ ಎಲ್ಲ ನೋಡಿದರು. ಹೆಡ್ ಮೇಡಂ ಪೆಟ್ಟಿಗೆಯತ್ತ ಕೈ ತೋರಿದಾಗ ಆಯಾ ಸಿಡುಕಿದಳು. "ಅದನ್ನ ನಾನೇ ತುಂಬಿದ್ದು. ಇಲಿ ನುಗ್ಗೋಕೂ ಜಾಗ ಇಲ್ಲ."

ಆಗ ಹೆಡ್ ಮೇಡಂ ಕಣ್ಣು ಗೇಟಿನ ಮೇಲೆ ಬಿತ್ತು. ಬಸ್ಸಿಗೆಂದು ತೆರೆದದ್ದು ಹಾರು ಹೊಡೆದುಕೊಂಡೇ ಇತ್ತು. ಗೇಟಿನಾಚೆ ರಸ್ತೆ, ರಸ್ತೆಯಾಚೆ ಪಾರ್ಕು, ಪಾರ್ಕಿನಲ್ಲಿ ಕೊಳ. ಕೊಳದ ಮೇಲೆ ಈ ವಾರವಷ್ಟೇ ಕಟ್ಟಿದ ಹಪ್ಪಳದಂಥ ಮಂಜು. ಯಾರೂ ಆ ಮಾತೆತ್ತಲಿಲ್ಲ. ಎಲ್ಲರೂ ಅತ್ತ ಓಡಿದರು.

ಕೊಳದ ದಂಡೆಯ ಬಳಿ ಮಂಜು ಒಡೆದಿತ್ತು. ಒಂದು ಬಕೆಟ್ಟಿನಷ್ಟು ಅಗಲದ ಕಪ್ಪು ತೂತು. ಗಿಣಿ ಟೀಚರ್ ಮಗುವನ್ನು ಗುಂಡಿ ಎಂದು ಕರೆದ ನಾಲಿಗೆಯನ್ನೇ ಕಚ್ಚಿಕೊಂಡಳು. ಆ ಹೆಸರಿಗೆ ಇನ್ನೊಂದು ಅರ್ಥ ಇದೆಯೆಂದು ಇಷ್ಟು ದಿನ ತಮಾಷೆ ಮಾಡಿದ್ದವಳೂ ಅವಳೇ.

"ಅದು ಬಾತುಕೋಳಿಗೆ ಅಂತ ಬೆಳಿಗ್ಗೆ ನಾನೇ ಒಡೆದಿದ್ದು," ಎಂದು ಪಾರ್ಕಿನ ಮಾಲಿ ಕೂಗಿದ. "ಯಾವ ಮಗೂನೂ ಈ ಕಡೆ ಬಂದಿಲ್ಲ. ಆದ್ರೆ ನಾನು ಊಟಕ್ಕೆ ಹೋಗಿದ್ದೆ, ಆವಾಗಿಂದು ಗೊತ್ತಿಲ್ಲ."

ಕೊಟ್ಟ ಜೀವವನ್ನು ಅದೇ ಉಸಿರಿನಲ್ಲಿ ಕಿತ್ತುಕೊಂಡ ಪುಣ್ಯಾತ್ಮ. ಕೋಲು ತಂದು ನೀರೊಳಗೆ ಕೆದಕತೊಡಗಿದ.

ಅಮ್ಮ ತರಗತಿಗೆ ಹಿಂತಿರುಗಿದಳು, ಬೆನ್ನಿಗೇ ಉಳಿದವರೂ. ಅವಳ ದನಿಗೆ ಇನ್ನೂ ಇಸ್ತ್ರಿ ಇತ್ತು. "ಕೊನೇ ಸಲ ನೋಡಿದ್ದು ಯಾರು? ಎಲ್ಲಿ? ಸ್ವೆಟರ್ ಯಾವ ಬಣ್ಣ?" ಉತ್ತರ ಸಿಗುತ್ತಿದ್ದಂತೆ ಅದನ್ನೇ ಪೊಲೀಸರಿಗೆ ಫೋನಿನಲ್ಲಿ ಹೇಳಿದಳು. ಫೋನಿಟ್ಟು, ಖಾಲಿ ಕೋಣೆಗೆ "ಗುಂಡೀ, ಹೊರಗೆ ಬಾ," ಎಂದು ಸಮಾಧಾನದಲ್ಲಿ ಕರೆದಳು. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕರೆಯುವಾಗ ದನಿ ನಡುವೆ ಹರಿದುಹೋಯಿತು. ಯಾರೂ ಎಂದೂ ಕೇಳಿರದ ಸದ್ದೊಂದು ಅವಳ ಬಾಯಿಂದ ಬಂತು. ಅದನ್ನು ಕೇಳಿ ಆಯಾ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

ಗಿಣಿ ಟೀಚರ್ ಅಮ್ಮನ ಮುಖ ನೋಡಲಾರದೆ ಕಿಟಕಿಯತ್ತ ತಿರುಗಿದಳು. ಹೊರಗಟ್ಟೆಯ ಮೇಲೆ ಸ್ಟ್ಯಾಂಡಿತ್ತು. ಕರಗುತ್ತಿದ್ದ ಗಡ್ಡೆ ಚಳಿಗೆ ಮತ್ತೆ ಕಲ್ಲಾಗಿತ್ತು. ಕಪ್ಪೆ ಒಳಗೇ ಇತ್ತು, ಒಂಟಿ ಕಾಲು ಹೊರಗೆ ಚಾಚಿಕೊಂಡು.

ವಸಂತ ಬಂದೇ ಇರಲಿಲ್ಲ.

"ಬಿಸಿನೀರು!" ಎಂದು ಕಿರುಚಿದಳು. "ಯಾರೂ ಕರೀಬೇಡಿ! ಕರೆದಷ್ಟೂ ಅವಳು ಬರಲ್ಲ. ನಾನೇ ಹಾಗೆ ಹೇಳಿಕೊಟ್ಟಿದ್ದು!"

"ಇವಳಿಗೇನು ತಲೆ ಕೆಟ್ಟಿದ್ಯಾ?" ಎಂದರು ಹೆಡ್ ಮೇಡಂ, ಕೆಮ್ಮುವುದನ್ನೂ ಮರೆತು.

ಅಮ್ಮ ಏನೂ ಕೇಳದೆ ಅಡುಗೆಕೋಣೆಗೆ ಓಡಿ ಕೆಟಲ್ ತಂದಳು. ಸ್ಟ್ಯಾಂಡನ್ನು ಮೇಜಿನ ಮೇಲಿಟ್ಟು ಗಿಣಿ ಟೀಚರ್ ನೀರು ಸುರಿಯತೊಡಗಿದಳು. ಅರ್ಧ ನೀರು ತಟ್ಟೆಗೆ, ಇನ್ನರ್ಧ ಅವಳ ಬೆರಳಿಗೆ. ಗಡ್ಡೆ ಚಿಟಚಿಟ ಎಂದಿತು. ಕಪ್ಪೆಯ ಎರಡನೇ ಕಾಲು ಕಂಡಿತು. ತಟ್ಟೆಯಲ್ಲಿ ನೀರು ತುಂಬಿದರೆ ಸದ್ದೇ ಬರುವುದಿಲ್ಲವೆಂದು ಹೊಳೆದು ಅದನ್ನು ನೆಲಕ್ಕೆ ಚೆಲ್ಲಿ ಮತ್ತೆ ಇಟ್ಟಳು. ಕಪ್ಪೆ ಬೇಗ ಬೀಳಲಿ ಎಂದು ಒಂದು ಮನಸ್ಸು. ಬೀಳುವುದೇ ಬೇಡ ಎಂದು ಇನ್ನೊಂದು: ಬಿದ್ದ ಮೇಲೂ ಯಾರೂ ಏಳದಿದ್ದರೆ? ಕಿಟಕಿಯಾಚೆ ಮಾಲಿಯ ಕೋಲು ಕೊಳದಲ್ಲಿ ಏಳುತ್ತಿತ್ತು, ಮುಳುಗುತ್ತಿತ್ತು.

ಟಣ್.

ಏನೂ ಆಗಲಿಲ್ಲ. ಕಪ್ಪೆ ತಟ್ಟೆಯಲ್ಲಿ ಒಮ್ಮೆ ಗಿರಕಿ ಹೊಡೆದು ನಿಂತಿತು. ಅಮ್ಮ ಮೇಜಿನ ಅಂಚನ್ನು ಹಿಡಿದಳು.

ಆಮೇಲೆ ಆಯಾಳ ಕೆಳಗಿನಿಂದ ಗುರ್ ಎಂದಿತು.

"ಅಯ್ಯಯ್ಯಪ್ಪಾ!" ಆಯಾ ಚೆಂಡಿನ ಹಾಗೆ ಪುಟಿದಳು. ಮುಚ್ಚಳ ಮೇಲೆದ್ದಿತು. ಕಂಬಳಿಗಳ ನಡುವಿನಿಂದ ಬೆವರಿ ಕೆಂಪಾದ ಮುಖವೊಂದು ಹೊರಬಂದು, ಇನ್ನೊಮ್ಮೆ, ಶಾಸ್ತ್ರಕ್ಕೆ, ಗುರ್ ಎಂದಿತು.

ಅಮ್ಮ ಎರಡೂ ಕೈ ಚಾಚಿ ನುಗ್ಗಿದಳು. ಗುಂಡಿ ಹಿಂದಕ್ಕೆ ಸರಿದಳು.

"ಟೀಚರ್, ಮೊದಲನೇ ಸಲ ಅಮ್ಮನ ದನಿ ಚೆನ್ನಾಗಿ ಮಾಡಿದ್ರಿ," ಎಂದಳು. "ಎರಡನೇದು ಸರಿ ಬರ್ಲಿಲ್ಲ. ನಮ್ಮಮ್ಮ ಅಳೋದೇ ಇಲ್ಲ."

ಚಾಚಿದ ಕೈಗಳು ಅಲ್ಲೇ ನಿಂತವು. ಗುಂಡಿ ಅಮ್ಮನ ಒದ್ದೆ ಮುಖವನ್ನು ನೋಡಿದಳು, ಟೀಚರನ್ನು ನೋಡಿದಳು, ಮತ್ತೆ ಅಮ್ಮನನ್ನು. ಗುಹೆಯೆಂದು ಹೊಕ್ಕ ಪೆಟ್ಟಿಗೆಯ ಕತ್ತಲಲ್ಲಿ ಹೆದರದ ಮಗು ಈಗ, ಬೆಳಕಿನಲ್ಲಿ, ಹೆದರಿತ್ತು.

"ಟೀಚರ್, ಬಾಯಿ ಮುಚ್ಕೊಳ್ಳಿ," ಎಂದಳು ಸಣ್ಣಗೆ. "ಕೈಯಿಂದ."

ಗಿಣಿ ಟೀಚರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಮ್ಮ ನೆಲಕ್ಕೆ ಮಂಡಿಯೂರಿದಳು. ತುಟಿ ಆಡಿತು, ದನಿ ಹೊರಡಲಿಲ್ಲ. ಗುಂಡಿ ಅಮ್ಮನ ತುಟಿಯ ಮೇಲಿಂದ ಕಣ್ಣು ಕೀಳದೆ ಕಾದಳು. ಅಮ್ಮ ಮೂಗೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ದಿನಾ ನೂರಾರು ಸಲ ಫೋನಿಗೆ ಹೇಳುವ ಮಾತನ್ನು ಹೇಗೋ ಒಟ್ಟುಗೂಡಿಸಿದಳು.

"ಹೇಳಿ, ಏನಾಗಿದೆ?"

ಗುಂಡಿ ಅವಳ ಕೊರಳಿಗೆ ಬಿದ್ದಳು.

ಹೆಡ್ ಮೇಡಂ ಕೊಳದ ಕಡೆಗೆ ಕೈ ಬೀಸಿ ಮಾಲಿಯನ್ನು ಕರೆದರು. ಆಯಾ ಪೆಟ್ಟಿಗೆಯನ್ನೂ ತನ್ನ ಹಿಂಭಾಗವನ್ನೂ ಒಟ್ಟಿಗೆ ಬೈದುಕೊಂಡು ಅತ್ತಳು. "ಸಾಕು, ಇಳಿಸಮ್ಮಾ ಕೈನ," ಎಂದಳು ಗಿಣಿ ಟೀಚರಿಗೆ.

ಅವಳು ಇಳಿಸಲಿಲ್ಲ. ಅಂಗೈಯ ಹಿಂದೆ ಹಲ್ಲು ಕಟಕಟ ಎನ್ನುತ್ತಿದ್ದವು. ಕೈ ತೆಗೆದರೆ ಒಳಗಿನಿಂದ ಯಾರ ದನಿ ಬರುತ್ತದೋ ಎಂಬುದು ಅವಳಿಗೇ ಗೊತ್ತಿರಲಿಲ್ಲ.