ಆರು ಇಂಚಿನ ತೂತು

ಕಟ್ಟುವವರು ಮರೆತದ್ದನ್ನು ಆಮೇಲೆ ಕೊರೆದು ಸರಿಮಾಡುವುದು ಲಾಲಸಾಬನ ಕೆಲಸ. ಕಾಂಕ್ರೀಟು ಗಟ್ಟಿಯಾದ ಮೇಲೆ, ಪೈಪಿಗೆ ಜಾಗ ಬಿಟ್ಟಿಲ್ಲವೆಂದು ಯಾರಿಗಾದರೂ ನೆನಪಾಗುತ್ತದೆ. ಆಗ ಅವನಿಗೆ ಫೋನು ಬರುತ್ತದೆ. ಅವನು ಹೋಗಿ ಮಷೀನನ್ನು ಬೋಲ್ಟು ಹಾಕಿ ಸ್ಲ್ಯಾಬಿಗೆ ಬಿಗಿಯುತ್ತಾನೆ. ತುದಿಗೆ ವಜ್ರದ ಹಲ್ಲಿರುವ ದಪ್ಪ ಕೊಳವೆ ಸಿಕ್ಕಿಸಿ, ಅದು ಸುಡದಂತೆ ನೀರು ಬಿಟ್ಟುಕೊಂಡು ಕೊರೆಯುತ್ತಾನೆ. ಹುಮನಾಬಾದ ಬಿಟ್ಟು ನಾಸಿಕಕ್ಕೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ತೂತು ಕೊರೆದನೋ ಅವನಿಗೇ ಗೊತ್ತಿಲ್ಲ. ಯಾವ ತೂತಿನಿಂದಲೂ ಮನುಷ್ಯನ ದನಿ ಬಂದಿರಲಿಲ್ಲ.

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಪಂಚವಟಿಯ ಆಚೆ, ಹೊಸದಾಗಿ ಏಳುತ್ತಿದ್ದ ಕಟ್ಟಡವೊಂದರ ಸ್ಲ್ಯಾಬು ಕುಸಿಯಿತು. ನಾಲ್ವರನ್ನು ಅಂಚಿನಿಂದಲೇ ಎಳೆದು ತೆಗೆದರು. ಐದನೆಯವನು ಲಿಫ್ಟಿಗೆಂದು ಬಿಟ್ಟಿದ್ದ ಗುಂಡಿಯೊಳಗೆ ಬಿದ್ದಿದ್ದ. ಒಂದೂವರೆ ಅಡಿ ದಪ್ಪದ ಸ್ಲ್ಯಾಬು ಗುಂಡಿಯ ಬಾಯಿಯ ಮೇಲೆ ಮುಚ್ಚಳದಂತೆ ಕೂತುಬಿಟ್ಟಿತ್ತು. ಕ್ರೇನು ಹಚ್ಚಿ ಎತ್ತಿದರೆ ಮೇಲಿನ ತೊಲೆಗಳೂ ಇಳಿಯುತ್ತವೆಂದು ಅಗ್ನಿಶಾಮಕದ ಸಾಹೇಬರು ಹೆದರಿದರು. ಕೊರೆಯುವವನನ್ನು ಕರೆಸಿ ಎಂದು ಯಾರೋ ಹೇಳಿದರು. ಲಾಲಸಾಬ ತನ್ನ ಜೊತೆಗಾರ ಅಕ್ಷಯನೊಡನೆ ಎರಡು ಮಷೀನು ಹೇರಿಕೊಂಡು ಹತ್ತು ಗಂಟೆಗೆ ಅಲ್ಲಿ ಮುಟ್ಟಿದ.

ಮೊದಲ ತೂತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆರು ಇಂಚು ಅಗಲದ ಕಾಂಕ್ರೀಟಿನ ದಿಂಡನ್ನು ಇಕ್ಕಳದಿಂದ ಮೇಲಕ್ಕೆಳೆದು ಪಕ್ಕಕ್ಕಿಟ್ಟ ಲಾಲಸಾಬ, ಬೋರಲು ಬಿದ್ದು ತೂತಿಗೆ ಬಾಯಿ ಹಚ್ಚಿ ಹಿಂದಿಯಲ್ಲಿ ಕೂಗಿದ. ಕತ್ತಲೆಯಿಂದ ಒಂದು ನರಳಿಕೆ ಬಂತು: "ಯವ್ವಾ... ಯಪ್ಪಾ..."

ಲಾಲಸಾಬ ಹಿಂದಿ ಬಿಟ್ಟು ಕನ್ನಡಕ್ಕೆ ತಿರುಗಿದ. "ತಮ್ಮಾ, ಯಾವ ಊರಪಾ ನಿಂದು?" ಎಂದ.

"ಚಿಂಚೋಳಿ ಕಡಿದ್ರಿ," ಎಂದಿತು ದನಿ. "ನನ ಹೆಸರು ಶಿವರಾಯ. ನೀವು ನಮ್ಮ ಕಡಿಯವರೇನ್ರಿ?"

"ಹುಮನಾಬಾದ ನಂದು. ಲಾಲಸಾಬ ಅಂತಾರ. ಎಲ್ಲಿ ನೋವಾಗ್ಲತ್ತದ?"

"ಎಡಗಾಲ ಮ್ಯಾಲ ತೊಲಿ ಕುಂತದ ಅಣ್ಣ. ಮೊದಲ ಭಾಳ ನೋವಿತ್ತು. ಈಗ ಕಾಲು ಅದನೋ ಇಲ್ಲೋ ಗೊತ್ತಾಗ್ಲತ್ತಿಲ್ಲ."

ಸಾಹೇಬರು ತೂತಿನ ಸುತ್ತ ಸೀಮೆಸುಣ್ಣದಿಂದ ಎರಡಡಿ ಅಗಲದ ವೃತ್ತ ಬರೆದರು. ಆ ಗೆರೆಯುದ್ದಕ್ಕೂ ಒಂದಕ್ಕೊಂದು ತಾಗುವಂತೆ ಹದಿನಾಲ್ಕು ತೂತು ಕೊರೆದರೆ ನಡುವಿನ ಕಾಂಕ್ರೀಟು ಕಳಚುತ್ತದೆ. ಅದನ್ನು ಸರಪಳಿಯಿಂದ ಎತ್ತಿದರೆ ಮನುಷ್ಯ ಇಳಿಯುವಷ್ಟು ಬಾಯಿ ಆಗುತ್ತದೆ. ಅಕ್ಷಯ ಒಂದು ಕಡೆ, ಲಾಲಸಾಬ ಇನ್ನೊಂದು ಕಡೆ ಮಷೀನು ಕೂರಿಸಿದರು.

ಮೂರನೆಯ ತೂತು ಮುಗಿಯುವಾಗ ಶಿವರಾಯ ಕೂಗಿದ. ಮಷೀನಿನ ನೀರೆಲ್ಲ ಗುಂಡಿಗೇ ಇಳಿಯುತ್ತಿತ್ತು. ಹೋಗಲು ದಾರಿಯಿಲ್ಲದೆ ಅವನ ಸೊಂಟದವರೆಗೆ ಬಂದಿತ್ತು. ಲಾಲಸಾಬ ನಲ್ಲಿ ತಿರುಗಿಸಿ ನೀರನ್ನು ದಾರದಷ್ಟು ಸಣ್ಣಗೆ ಮಾಡಿದ. ಅಗ್ನಿಶಾಮಕದವರು ಕೊರೆದ ತೂತೊಂದರಲ್ಲಿ ಪಂಪಿನ ಪೈಪು ಇಳಿಬಿಟ್ಟು ರಾಡಿ ನೀರನ್ನು ಮೇಲಕ್ಕೆ ಎಳೆದರು. ನೀರು ಕಡಿಮೆಯಾದದ್ದಕ್ಕೆ ಕೊಳವೆ ಕಾದು ಹೊಗೆಯಾಡಿತು. ಕಬ್ಬಿಣದ ಸರಳು ಅಡ್ಡ ಬಂದಾಗಲೆಲ್ಲ ಮಷೀನು ನಡುಗಿ ಚೀರುತ್ತಿತ್ತು. ಎರಡು ಕೊಳವೆಯ ಹಲ್ಲು ಉದುರಿದವು. ಹೊಸದು ಸಿಕ್ಕಿಸುವ ಹೊತ್ತಿನಲ್ಲಿ ಲಾಲಸಾಬ ಮೊದಲ ತೂತಿಗೆ ಬಂದು ಮಲಗಿ ಮಾತಾಡುತ್ತಿದ್ದ. ಅವನನ್ನು ಎಚ್ಚರವಾಗಿಡಿ ಎಂದು ಆಂಬ್ಯುಲೆನ್ಸಿನ ಡಾಕ್ಟರು ಹೇಳಿದ್ದರು.

"ಮನಿಯಾಗ ಯಾರ್ಯಾರದಾರ?"

"ಹೆಂಡ್ತಿ ಸಂಗಮ್ಮ, ಮಗಳು ಭಾಗ್ಯಶ್ರೀ. ಔರಂಗಾಬಾದನ್ಯಾಗ ಇರ್ತಾರ." ಸರಕಾರ ಊರಿನ ಹೆಸರನ್ನು ಸಂಭಾಜಿನಗರ ಎಂದು ಬದಲಿಸಿದ್ದರೂ ಅವನ ಬಾಯಲ್ಲಿ ಹಳೆಯದೇ ಇತ್ತು. "ಮಗಳು ಸಾಲಿಗಿ ಹೋಗ್ತಾಳ, ಮೂರನೇತ್ತಾ. ನಾ ಕನ್ನಡದಾಗ ಕೇಳಿದ್ರ ಅಕಿ ಮರಾಠ್ಯಾಗ ಹೇಳ್ತಾಳ. ಎಲ್ಲಾ ತಿಳಿತದ, ಮಾತಾಡಲ್ಲ ಅಷ್ಟೇ."

ಅಕ್ಷಯನಿಗೆ ಒಂದು ಉಪಾಯ ಹೊಳೆಯಿತು. ಮೊಬೈಲಿಗೆ ದಾರ ಕಟ್ಟಿ ಕೆಳಗೆ ಬಿಡೋಣ, ಹೆಂಡತಿಯ ಜೊತೆ ಮಾತಾಡಲಿ, ಜೀವಕ್ಕೆ ಧೈರ್ಯ ಬರುತ್ತದೆ ಎಂದ. ಲಾಲಸಾಬ ಅದನ್ನು ಕೆಳಗೆ ಹೇಳಿದಾಗ ಶಿವರಾಯ ಗಾಬರಿಯಾದ.

"ಬ್ಯಾಡಣ್ಣ, ಬ್ಯಾಡ! ನಾ ಲಾಸಲಗಾಂವದ ಮಂಡಿಯಾಗ ಉಳ್ಳಾಗಡ್ಡಿ ಹೇರೋ ಕೆಲಸದಾಗ ಅದೀನಿ ಅಂತ ತಿಳದಾಳ ಅಕಿ. ಅಕಿ ತಮ್ಮ ಸ್ಲ್ಯಾಬಿನ ಸೆಂಟ್ರಿಂಗ್ ಮೈಮ್ಯಾಲ ಬಿದ್ದು ಸತ್ತ. ಸ್ಲ್ಯಾಬಿನ ಕೆಲಸಕ್ಕ ಹೋಗಲ್ಲ ಅಂತ ಮಗಳ ತಲಿ ಮುಟ್ಟಿಸಿ ಆಣಿ ಮಾಡಿಸ್ಯಾಳ. ಮನಿ ಹತ್ರ ಬಿಡಕಿನ್‌ ಊರಾಗ ಫ್ಯಾಕ್ಟರಿಗಿ ಹೋದೆ, ಎಂಟು ತಿಂಗಳಿಗಿ ಬಿಡಿಸಿಬಿಟ್ರು. ಈ ಕೈಗಿ ಬ್ಯಾರೆ ಕೆಲಸ ಬರಲ್ಲಣ್ಣ. ಏನ್ ಮಾಡ್ಲಿ? ನಾ ಹೊರಗ ಬಂದು ನಾನೇ ಹೇಳ್ತೀನಿ. ಬೈತಾಳ, ಬೈಸ್ಕೊಂತೀನಿ."

"ಆಯ್ತು. ನೀನೇ ಹೇಳ್ವಂತಿ," ಎಂದ ಲಾಲಸಾಬ. ಅವನಿಗೆ ಆ ಮಾತು ಸರಿಯೆನಿಸಿತು. ಆರು ತೂತು ಆಗಿದ್ದವು. ಈ ಮನುಷ್ಯನನ್ನು ಸಂಜೆಯೊಳಗೆ ಹೊರಗೆ ತೆಗೆಯುತ್ತೇನೆಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಕೆಳಗಿನ ದನಿ ಸಣ್ಣದಾಯಿತು. ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿತ್ತು. ಒಮ್ಮೆ ಶಿವರಾಯ, "ಅಣ್ಣ, ಸಂಗಮ್ಮ ಈಗ ಖಾನಾವಳಿಯಿಂದ ಮನಿಗಿ ಬಂದಿರ್ತಾಳ," ಎಂದ, ಯಾರೂ ಕೇಳದೆ. ಲಾಲಸಾಬನಿಗೆ ಮತ್ತೊಮ್ಮೆ ಫೋನಿನ ಮಾತು ಎತ್ತಬೇಕೆನಿಸಿತು. ಎರಡೇ ತೂತು ಉಳಿದಿದ್ದವು. ಮಷೀನು ನಿಲ್ಲಿಸಿದರೆ ಹೊತ್ತು ಹೋಗುತ್ತದೆ ಎಂದುಕೊಂಡು ಅವನು ಎದ್ದು ಹೋಗಿ ಸ್ವಿಚ್ಚು ಒತ್ತಿದ.

ನಾಲ್ಕೂವರೆಗೆ ನಡುವಿನ ಕಾಂಕ್ರೀಟಿನ ತುಂಡು ಸರಪಳಿಗೆ ಸಿಕ್ಕಿ ಮೇಲೆ ಬಂತು. ಅಗ್ನಿಶಾಮಕದ ಇಬ್ಬರು ಇಳಿದು, ಜಾಕು ಕೊಟ್ಟು ತೊಲೆ ಎತ್ತಿ, ಶಿವರಾಯನನ್ನು ಬೆಲ್ಟಿನಲ್ಲಿ ಕಟ್ಟಿ ಮೇಲಕ್ಕೆ ಕಳಿಸಿದರು. ಮೂವತ್ತೈದರ ಆಸುಪಾಸಿನ ಸಣಕಲು ಆಳು, ಮೈಯೆಲ್ಲ ಬೂದು ರಾಡಿ. ನೆರೆದ ಜನ ಚಪ್ಪಾಳೆ ಹೊಡೆದರು. ಅವನು ಬೆಳಕಿಗೆ ಕಣ್ಣು ಕಿರಿದು ಮಾಡಿ ಸುತ್ತ ನೋಡಿದ.

"ಲಾಲಸಾಬಣ್ಣ ಯಾರು?"

"ನಾನೇ ತಮ್ಮಾ."

"ನೀವು ಇಷ್ಟು ವಯಸ್ಸಿನವರದೀರಂತ ತಿಳದಿರಲಿಲ್ಲ," ಎಂದು ಶಿವರಾಯ ನಕ್ಕ. ಸ್ಟ್ರೆಚರು ಆಂಬ್ಯುಲೆನ್ಸಿಗೇರಿತು.

ಲಾಲಸಾಬ ಮತ್ತು ಅಕ್ಷಯ ಮಷೀನು ಬಿಚ್ಚಿ, ತೊಳೆದು, ಗಾಡಿಗೆ ಹೇರುತ್ತಿದ್ದಾಗ ಸಾಹೇಬರು ಬಂದು ಟೋಪಿ ತೆಗೆದು ನಿಂತರು. ಶಿವರಾಯ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟನಂತೆ. ತೊಲೆಯ ಕೆಳಗೆ ಎಂಟು ತಾಸು ಸಿಕ್ಕ ಕಾಲು. ಬಿಡಿಸಿದ ಮೇಲೆ ಅಲ್ಲಿ ಕೆಟ್ಟು ನಿಂತಿದ್ದ ರಕ್ತ ಎದೆಗೆ ಹೋಗಿ ಹೃದಯ ನಿಂತಿತು ಎಂದು ಡಾಕ್ಟರು ಹೇಳಿದ್ದರು. ಅಕ್ಷಯ ಅಲ್ಲೇ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಲಾಲಸಾಬ ಪೈಪು ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿದ ಪೈಪನ್ನು ಬಿಚ್ಚಿ ಮತ್ತೆ ಸುತ್ತಿದ.

ದೇಹವನ್ನು ಚಿಂಚೋಳಿಗೆ ಒಯ್ದು ಮಣ್ಣು ಮಾಡಿದರೆಂದು ಕೇಳಿದ. ಸಂಗಮ್ಮ ತಿರುಗಿ ಬಂದಿದ್ದಾಳೆಂದು ಗೊತ್ತಾದ ಮೇಲೆ, ಪೊಲೀಸರಿಂದ ವಿಳಾಸ ಇಸಿದುಕೊಂಡು, ಒಂದು ಬೆಳಿಗ್ಗೆ ಸಂಭಾಜಿನಗರದ ಬಸ್ಸು ಹತ್ತಿದ. ಯೇವಲೆ, ವೈಜಾಪುರ ದಾಟುವವರೆಗೂ ಏನು ಹೇಳಬೇಕೆಂದು ಯೋಚಿಸಿದ. ಕಡೆಗೆ, ಏನೂ ಗೊತ್ತಾಗದಂತೆ ಒಂದು ಕ್ಷಣದಲ್ಲಿ ಜೀವ ಹೋಯಿತು, ನೋವು ತಿನ್ನಲಿಲ್ಲ ಎಂದು ಹೇಳುವುದೆಂದು ನಿಶ್ಚಯಿಸಿದ. ಹೆಂಗಸಿಗೆ ಅಷ್ಟಾದರೂ ಸಮಾಧಾನ.

ಚಿಕಲಠಾಣಾ ಬಡಾವಣೆಯ ಒಂದು ಸಂದಿಯಲ್ಲಿ ಒಂದೇ ಕೋಣೆಯ ಮನೆ. ಖಾನಾವಳಿಗೆ ರೊಟ್ಟಿ ಬಡಿದು ಬದುಕುವ ಸಂಗಮ್ಮನ ಅಂಗೈಗಳು ದಪ್ಪಗಿದ್ದವು. ಗೋಡೆಯ ಮಗ್ಗುಲಲ್ಲಿ ಅರ್ಧ ಚೀಲ ಈರುಳ್ಳಿ ಇತ್ತು. ಶಿವರಾಯ ಹದಿನೈದು ದಿನಕ್ಕೊಮ್ಮೆ ಬರುವಾಗ ಲಾಸಲಗಾಂವದ್ದೆಂದು ಕೊಂಡು ತರುತ್ತಿದ್ದನಂತೆ. ಮಗಳು ಅವ್ವನ ಬೆನ್ನಿಗೆ ಆತು ಕೂತಿದ್ದಳು.

ಲಾಲಸಾಬ ನೆಲ ನೋಡುತ್ತ, ಹೇಳಬೇಕೆಂದುಕೊಂಡಿದ್ದನ್ನು ಹೇಳಿದ. "ಒಂದು ಕ್ಷಣದಾಗ ಆಗಿಹೋಯ್ತವ್ವ. ಅವನಿಗಿ ಏನೂ ಗೊತ್ತೇ ಆಗಲಿಲ್ಲ."

ಮಗಳು ಮುಂದೆ ಬಂದು, "ಬಾಬಾ ಕಾಯ್ ಮ್ಹಣಾಲೇ?" ಎಂದಳು.

"ಅಪ್ಪ ಏನಂದ ಅಂತ ಕೇಳ್ಲತ್ತಾಳ್ರಿ," ಎಂದಳು ಸಂಗಮ್ಮ. "ಏನೂ ಅಂದಿಲ್ಲ ಅಂತ ಹೇಳ್ಲೇನು ಅಕಿಗಿ? ನಮ್ಮ ನೆನಪು ಆಗಲೇ ಇಲ್ಲ ಅಂತ?"

ಆ ಹುಡುಗಿ ಲಾಲಸಾಬನ ಬಾಯನ್ನೇ ನೋಡುತ್ತಿದ್ದಳು.

"ನಾ ಸುಳ್ಳು ಹೇಳಿದೆ ತಂಗಿ," ಎಂದ. "ಅವ ಸಂಜಿ ತನಾ ಇದ್ದ. ನನ ಜೋಡಿ ಮಾತಾಡಿದ."

ಮೊದಲಿನಿಂದ ಎಲ್ಲ ಹೇಳಿದ. ನರಳಿದ್ದು, ಕಾಲು, ಗುಂಡಿಗೆ ತುಂಬಿದ ನೀರು, ಈರುಳ್ಳಿಯ ಸುಳ್ಳು, ಬೈಸಿಕೊಳ್ಳುತ್ತೇನೆ ಎಂದದ್ದು. ಮಗಳು ಮರಾಠಿಯಲ್ಲೇ ಉತ್ತರ ಕೊಡುತ್ತಾಳೆಂದು ಹೇಳಿದ್ದನ್ನು ಕೇಳಿ ಭಾಗ್ಯಶ್ರೀ ತಲೆ ತಗ್ಗಿಸಿದಳು. ಫೋನಿನ ಮಾತು ಬಂದಾಗ ಸಂಗಮ್ಮ ಕೈ ಎತ್ತಿ ತಡೆದಳು.

"ನಿಲ್ರಿ. ಫೋನು ಕೆಳಗ ಬಿಡ್ಲಿಕ್ಕಿ ಬರ್ತಿತ್ತೇನ್ರಿ?"

"ಬರ್ತಿತ್ತವ್ವ."

"ಅವತ್ತು ನಾ ಎರಡೂವರಿಗಿ ಮನಿಗಿ ಬಂದಿದ್ದೆರಿ. ಅಕಿ ಸಾಲಿಂದ ಬಂದಿದ್ಲು. ಇಬ್ಬರೂ ಇಲ್ಲೇ ಖಾಲಿ ಕುಂತಿದ್ವಿ. ಅಂವ ಬ್ಯಾಡಂದ ಅಂತ ನೀವೂ ಬಿಟ್ರ? ಅವಂದು ಹೆದರಿಕಿ. ನೀವು ದೊಡ್ಡವರಲ್ಲೇನ್ರಿ? ನೀವ್ಯಾಕ ಹಚ್ಚಲಿಲ್ಲ?"

"ಹೊರಗ ತೆಗಿತೀನಿ ಅಂತ ತಿಳದಿದ್ದೆ," ಎಂದ ಲಾಲಸಾಬ. "ಕಡೀಗಿ ಎರಡೇ ತೂತು ಉಳದಿದ್ವು ತಂಗಿ. ಮಷೀನ್ ನಿಲ್ಲಿಸಬಾರದು ಅಂತ ತಿಳದೆ."

ಸಂಗಮ್ಮ ಅಳಲಿಲ್ಲ. "ಇಷ್ಟು ದಿನ ಸುಳ್ಳು ಹೇಳ್ಯಾನ. ನಾ ಬೈದಿದ್ರ ಬೈಸ್ಕೊಂಡು ಸಾಯ್ತಿದ್ದ. ಅಷ್ಟೂ ಆಗಲಿಲ್ಲ," ಎಂದು ಗೋಡೆಗೆ ತಿರುಗಿದಳು. ತಿರುಗಿ ನೋಡದೆಯೇ, "ನೀವಿನ್ನ ಹೋಗ್ರಿ," ಎಂದಳು.

ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವಳ ದನಿ ಕೇಳಿತು: "ನಂಬರ್ ಇಟ್ಟು ಹೋಗ್ರಿ." ಭಾಗ್ಯಶ್ರೀ ಪಾಟಿ, ಬಳಪ ಹಿಡಿದು ಹೊರಗೆ ಬಂದಳು. ಲಾಲಸಾಬ ನಿಧಾನವಾಗಿ ಒಂದೊಂದೇ ಅಂಕಿ ಹೇಳಿದ. ಅವಳು ಬರೆದುಕೊಂಡಳು.

ಒಂದು ತಿಂಗಳು ಫೋನು ಬರಲಿಲ್ಲ. ಆಮೇಲೆ, ಖಾನಾವಳಿಗೆ ರಜೆಯಿರುವ ಒಂದು ಸೋಮವಾರ ಬಂತು. ಸಂಗಮ್ಮ ಆರೋಗ್ಯ ವಿಚಾರಿಸಲಿಲ್ಲ, ಬೈಯಲಿಲ್ಲ. "ಕೆಳಗ ಪೂರಾ ಕತ್ತಲಿತ್ತೇನ್ರಿ?" ಎಂದಳು. ಮೊದಲ ತೂತು ಬಿದ್ದ ಮೇಲೆ ಒಂದು ಕೋಲಿನಷ್ಟು ಬೆಳಕು ಬೀಳುತ್ತಿತ್ತು, ಅದು ತನ್ನ ಕೈ ಮೇಲೆ ಬಿದ್ದಿದೆ ಅಂತ ಶಿವರಾಯನೇ ಹೇಳಿದ್ದ ಎಂದ ಲಾಲಸಾಬ. "ಹೂಂ," ಎಂದು ಇಟ್ಟುಬಿಟ್ಟಳು. ಮುಂದಿನ ಸೋಮವಾರ ಇನ್ನೊಂದು ಪ್ರಶ್ನೆ. ಕೆಲವು ಸಲ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಸೋಮವಾರ ಆ ಹೊತ್ತಿಗೆ ಲಾಲಸಾಬ ಮಷೀನು ನಿಲ್ಲಿಸುವುದನ್ನು ಅಕ್ಷಯ ಕಲಿತುಕೊಂಡ. ಕೆಲಸ ಮಾಡಿಸುವವರು ಗೊಣಗಿದರೆ ತಾನೇ ಮುಂದೆ ಹೋಗಿ ಏನಾದರೂ ಹೇಳುತ್ತಿದ್ದ.

ಶ್ರಾವಣದ ಹೊತ್ತಿಗೆ ಅವಳ ಬಳಿ ಕೇಳುವುದೇನೂ ಉಳಿದಿರಲಿಲ್ಲ. ಫೋನು ಮಾಡಿ ಸುಮ್ಮನಿದ್ದಳು. ಲಾಲಸಾಬ ಮೆಟ್ಟಿಲ ಮೇಲೆ ಕೂತು ಆ ದಿನವನ್ನು ಮತ್ತೆ ತಲೆಯೊಳಗೆ ಹುಡುಕಿದ.

"ಒಂದು ಹೇಳಿಲ್ಲ ತಂಗಿ," ಎಂದ. "ಮಧ್ಯಾಹ್ನ ಸಣ್ಣ ಪೈಪಿನಾಗ ಚಹಾ ಬಿಟ್ಟಿದ್ವಿ."

"ಕುಡದನೇನ್ರಿ?"

"ಕುಡದ. ಸಕ್ರಿ ಭಾಳ ಆಗ್ಯಾದ ಅಂದ."

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿತು. "ಯಾವಾಗ್ಲೂ ಹಂಗೇ ಅಂತಿದ್ದ," ಎಂದಳು ಸಂಗಮ್ಮ. "ನಾ ಸಕ್ರೀನೇ ಹಾಕದಿದ್ರೂ ಹಂಗೇ ಅಂತಿದ್ದ." ಆಗ ಅವಳು ಅತ್ತಳು. ಲಾಲಸಾಬ ಫೋನು ಇಡಲಿಲ್ಲ. ಅವಳು ಮುಗಿಸುವವರೆಗೆ ಕಿವಿಗೆ ಹಿಡಿದು ಕೂತೇ ಇದ್ದ.