ಇನ್ನೂರ ಇಪ್ಪತ್ತೇಳು ಮೋಲ್

ನಾಟಕದಲ್ಲಿ ಅಜ್ಜನದು ಹೆಣದ ಪಾತ್ರ. ಮಾತಿಲ್ಲ, ಕತೆಯಿಲ್ಲ. ಯುದ್ಧ ಮುಗಿದ ಮೇಲೆ ಅಂಗಾತ ಬಿದ್ದಿರಬೇಕು, ಅಷ್ಟೇ. ಆದರೆ ಹಾಗೆ ಬಿದ್ದಿರುವುದರಲ್ಲಿ ಅಜ್ಜನನ್ನು ಮೀರಿಸುವವರೇ ಇರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗುತ್ತಿರಲಿಲ್ಲ. ತಂಡದಲ್ಲಿ ಒಂದು ಕಟ್ಟಳೆಯಿತ್ತು: ಸತ್ತವರಲ್ಲಿ ಯಾರು ಮೊದಲು ಅಲ್ಲಾಡುತ್ತಾರೋ ಅವರೇ ಕೊನೆಗೆ ನೆಲ ಗುಡಿಸಬೇಕು. ಮೂರು ತಿಂಗಳಿಂದ ಅಜ್ಜ ಒಮ್ಮೆಯೂ ಪೊರಕೆ ಮುಟ್ಟಿರಲಿಲ್ಲ.

"ನಿಂಗೆ ರಿಹರ್ಸಲ್ ಯಾಕಜ್ಜಾ? ಸಾಯೋದು ಒಂದೇ ಸಲ ಅಲ್ವಾ?" ಎಂದು ಮೊಮ್ಮಗಳು ಕೆಣಕಿದಳು.

"ಒಂದೇ ಸಲ ಅನ್ನೋದಕ್ಕೇ ಕಣೇ, ಸರಿಯಾಗಿ ಕಲ್ತಿರ್ಬೇಕು," ಎಂದ ಅಜ್ಜ, ಕನ್ನಡಕ ಕಳಚಿ ಪಕ್ಕಕ್ಕಿಡುತ್ತ.

ಮೊಮ್ಮಗಳನ್ನು ಎಲ್ಲರೂ ಡೈಲಾಗ್ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಹಾಲು ಕಾಯಿಸು ಎಂದರೆ ಸಾಕು, ಅರ್ಧ ತಿರುಗಿ, ಕಣ್ಣು ಕಿರಿದು ಮಾಡಿ, "ಹಾಲು ಕಾಯುತ್ತೆ. ಆದ್ರೆ ಯಾವಾಗ ಉಕ್ಕಬೇಕು ಅನ್ನೋದನ್ನ ನಾನ್ ಹೇಳ್ತೀನಿ" ಎನ್ನುವ ಪೈಕಿ. ಕೆಮಿಸ್ಟ್ರಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದಳು. ಬರುವ ವಾರ ಮತ್ತೆ ಪರೀಕ್ಷೆ. ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದ ಚಿಕ್ಕಪ್ಪ ದಿನಕ್ಕೊಂದು ಹಾಳೆ ಲೆಕ್ಕ ಬರೆದು ಕೊಡುತ್ತಿದ್ದ.

ರಂಗಸ್ಥಳ ಎಂದರೆ ಮುಚ್ಚಿಹೋದ ಒಂದು ಕ್ಲಬ್ಬಿನ ಒಳಕೋಣೆಯಲ್ಲಿದ್ದ, ನೀರಿಲ್ಲದ ಮಕ್ಕಳ ಈಜುಕೊಳ. ಎದೆಮಟ್ಟದ ಆಳ, ನೀಲಿ ಟೈಲ್ಸು. ಯುದ್ಧಭೂಮಿಗೆ ಇದಕ್ಕಿಂತ ಜಾಗ ಬೇಕೇ ಎಂದವನು ಡೈಲಾಗಿನ ಸೋದರಮಾವ. ಹೊಟ್ಟೆಪಾಡಿಗೆ ಟೈಲರು, ಮಿಕ್ಕ ಹೊತ್ತು ನಿರ್ದೇಶಕ. ಅಜ್ಜ ಅವನಿಗೆ ಸ್ವಂತ ಅಪ್ಪ. ಹೊಗೆ ಚದುರಬಾರದೆಂದು ಮಾವ ಬಾಗಿಲು ಹಾಕಿಸಿ, ಗೋಡೆಯ ಗವಾಕ್ಷಿಗಳಿಗೆಲ್ಲ ಬಟ್ಟೆಯ ಚೂರು ತುರುಕಿದ್ದ.

ಹೊಗೆಯ ಹೊಣೆ ಡೈಲಾಗಿನದು. ಮೀನಿನ ಗೋದಾಮಿನಿಂದ ಎರಡು ಪೆಟ್ಟಿಗೆ ಡ್ರೈ ಐಸ್ ಬಂದಿತ್ತು, ಒಂದೊಂದೂ ಹತ್ತು ಕಿಲೋ. ಕಾರ್ಬನ್ ಡೈಆಕ್ಸೈಡನ್ನೇ ಹೆಪ್ಪುಗಟ್ಟಿಸಿದ ಸರಕು ಅದು. ಬಿಸಿನೀರಿಗೆ ಹಾಕಿದರೆ ಬುಸುಬುಸು ಎಂದು ಬಿಳಿ ಹೊಗೆ ಏಳುತ್ತದೆ.

"ಮೊಣಕಾಲವರೆಗೆ ಬರ್ಬೇಕು. ಹೀರೋ ಮೋಡದ ಮೇಲೆ ನಡೆದ ಹಾಗೆ," ಎಂದ ಮಾವ.

"ಮಾವಾ, ಮೋಡ ಕೇಳಿದ್ದೀಯ, ಆಕಾಶಾನೇ ಇಳಿಸ್ತೀನಿ."

ಮೊದಲ ಪೆಟ್ಟಿಗೆ ಕೊಳದ ಅಂಚಿನಲ್ಲಿದ್ದ ಡ್ರಮ್ಮಿಗೆ ಬಿತ್ತು. ಹೊಗೆ ಉಕ್ಕಿ, ಅಂಚು ದಾಟಿ, ಸದ್ದಿಲ್ಲದೆ ಕೊಳಕ್ಕೆ ಇಳಿಯಿತು. ತಳದಲ್ಲಿ ಮೂರು ಹೆಣ ಮಲಗಿದ್ದವು: ಅಜ್ಜ, ಎಲೆಕ್ಟ್ರಿಷಿಯನ್, ಬೇಕರಿಯವನು. ನಡುವೆ ಹೀರೋ ಆಗಿ ಪೋಸ್ಟ್‌ಮ್ಯಾನ್ ನಿಂತು ನಾಲ್ಕು ಪುಟದ ಮಾತು ಶುರು ಮಾಡಿದ. ಹೆಣಗಳು ಒಂದೊಂದಾಗಿ ಬಿಳುಪಿನಲ್ಲಿ ಮುಳುಗಿದವು.

ಎರಡನೆಯ ಪೆಟ್ಟಿಗೆ ಹಾಕಲು ಮಾವ ಕೈ ಮಾಡಬೇಕಿತ್ತು. ಅಲ್ಲಿಯವರೆಗೆ ಕೆಲಸವಿಲ್ಲ. ಡೈಲಾಗ್ ಪೆಟ್ಟಿಗೆಯ ಥರ್ಮೋಕೋಲ್ ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಚಿಕ್ಕಪ್ಪನ ಹಾಳೆ ತೆಗೆದಳು. ಪುಸ್ತಕದ ಸಂಖ್ಯೆ ಯಾಕೆ, ಇದನ್ನೇ ಲೆಕ್ಕ ಹಾಕಿದರಾಯಿತು ಎಂದುಕೊಂಡಳು. ಹತ್ತು ಕಿಲೋ ಅಂದರೆ ಹತ್ತು ಸಾವಿರ ಗ್ರಾಂ. ಕಾರ್ಬನ್ ಹನ್ನೆರಡು, ಆಕ್ಸಿಜನ್ ಹದಿನಾರು, ಅದು ಎರಡು ಸಲ, ಒಟ್ಟು ನಲವತ್ತನಾಲ್ಕು ಗ್ರಾಂ; ಅಷ್ಟಕ್ಕೆ ಒಂದು ಮೋಲ್. ಭಾಗಿಸಿದರೆ ಇನ್ನೂರ ಇಪ್ಪತ್ತೇಳು ಮೋಲ್. ಅದನ್ನು ಅವೊಗಾಡ್ರೊ ಸಂಖ್ಯೆಯಿಂದ, ಅಂದರೆ ಒಂದು ಮೋಲ್‌ನಲ್ಲಿರುವ ಅಣುಗಳ ಎಣಿಕೆಯಿಂದ, ಗುಣಿಸಿದರೆ ಅಣುಗಳು, ಮತ್ತೆ ಮೂರರಿಂದ ಗುಣಿಸಿದರೆ ಪರಮಾಣುಗಳು. ನಾಲ್ಕರ ಮುಂದೆ ಇಪ್ಪತ್ತಾರು ಸೊನ್ನೆ. ಸೊನ್ನೆಗಳು ಮುಚ್ಚಳದ ಅಂಚಿಗೆ ಹೋಗಿ ಮುಟ್ಟಿದವು. ಅಷ್ಟು ದೊಡ್ಡ ಸಂಖ್ಯೆಗೆ ಯಾರು ಹೆದರುತ್ತಾರೆ? ಅವಳಿಗೆ ನಗು ಬಂತು.

ಕೊಳದಲ್ಲಿ ಕೆಮ್ಮು ಕೇಳಿಸಿತು. ಎಲೆಕ್ಟ್ರಿಷಿಯನ್ ಎದ್ದು ನಿಂತಿದ್ದ.

"ಮೂಗಿಗೆ ಸೋಡಾ ಏರಿದ ಹಾಗಾಯ್ತಪ್ಪ."

"ಪೊರಕೆ ನಿಂದೇ," ಎಂದ ಮಾವ.

ಸ್ವಲ್ಪ ಹೊತ್ತಿಗೆ ಬೇಕರಿಯವನೂ ಎದ್ದ. ಹಣೆ ಒತ್ತಿಕೊಳ್ಳುತ್ತ, ತಲೆ ಸಿಡೀತಿದೆ ಎಂದು ಮೆಟ್ಟಿಲು ಹತ್ತಿ ಕೂತ. ಎದೆ ದಮ್ಮು ಹತ್ತಿದವನ ಹಾಗೆ ಏರಿಳಿಯುತ್ತಿತ್ತು.

ಅಜ್ಜ ಏಳಲಿಲ್ಲ.

"ನೋಡಿ ಕಲೀರೋ," ಎಂದ ಮಾವ ಹೆಮ್ಮೆಯಿಂದ. "ಅದು ಡೆಡಿಕೇಶನ್ ಅಂದ್ರೆ."

ಡೈಲಾಗ್ ಹಾಳೆಯ ಮುಂದಿನ ಪ್ರಶ್ನೆಗೆ ಬಂದಿದ್ದಳು. ಅನಿಲವಾದರೆ ಎಷ್ಟು ಲೀಟರ್? ಚಿಕ್ಕಪ್ಪ ಪಕ್ಕದಲ್ಲೇ ಬರೆದಿದ್ದ: ಕೋಣೆಯ ಬಿಸುಪಿನಲ್ಲಿ ಒಂದು ಮೋಲ್‌ಗೆ ಇಪ್ಪತ್ತನಾಲ್ಕು. ಗುಣಿಸಿದಳು. ಐದು ಸಾವಿರದ ನಾನೂರು ಚಿಲ್ಲರೆ. ಸೊಂಟದ ಮೇಲೆ ಹೊತ್ತು ತಂದಿದ್ದ ಒಂದು ಪೆಟ್ಟಿಗೆ, ಐದೂವರೆ ಸಾವಿರ ಲೀಟರ್. ಇಷ್ಟೂ ಎಲ್ಲಿಗೆ ಹೋಯಿತು?

ಪೆನ್ನು ನಿಂತಿತು. ಗಾಳಿಯ ಒಂದು ಮೋಲ್ ಇಪ್ಪತ್ತೊಂಬತ್ತು ಗ್ರಾಂ, ಇದು ನಲವತ್ತನಾಲ್ಕು. ಭಾರದ್ದು ಕೆಳಗೇ ಕೂರುತ್ತದೆ. ಅವಳು ಕೊಳದ ಅಂಚಿನ ಟೈಲ್ಸು ಎಣಿಸಿದಳು. ಉದ್ದಕ್ಕೆ ಇಪ್ಪತ್ತು, ಅಗಲಕ್ಕೆ ಹದಿನಾರು, ಒಂದೊಂದೂ ಕಾಲು ಮೀಟರ್. ಐದು ಮೀಟರ್, ನಾಲ್ಕು ಮೀಟರ್. ಐದೂವರೆ ಸಾವಿರ ಲೀಟರನ್ನು ಆ ತಳಕ್ಕೆ ಹರಡಿದರೆ ಎಷ್ಟು ಎತ್ತರ? ಭಾಗಿಸಿದಳು.

ಇಪ್ಪತ್ತೇಳು ಸೆಂಟಿಮೀಟರ್. ಗೇಣಿನ ಮೇಲೆ ನಾಲ್ಕು ಬೆರಳು. ಅಂಗಾತ ಮಲಗಿದವನ ಮೂಗು ಇರುವುದು ಅದರ ಕೆಳಗೆ.

"ಮಾವಾ, ನಿಲ್ಸು. ಅಜ್ಜನ್ನ ಎತ್ತು."

"ಶ್, ಸೀನ್ ನಡೀತಿದೆ."

"ಸೀನಲ್ಲ ಮಾವಾ. ಕೆಳಗೆ ಉಸಿರಾಡೋಕೆ ಗಾಳಿಯಿಲ್ಲ. ಲೆಕ್ಕ ಹಾಕ್ದೆ."

"ನೀನು? ಕೆಮಿಸ್ಟ್ರಿ ಲೆಕ್ಕ?" ಮಾವ ತಿರುಗಿಯೂ ನೋಡಲಿಲ್ಲ. "ಹೋದ್ವಾರ ಹಾವು ಅಂದೆ, ಹಗ್ಗ ಆಗಿತ್ತು. ಇವತ್ತು ಗಾಳಿ ಇಲ್ಲ ಅಂತೀಯ. ಮೂರು ಬಕೆಟ್ ಆಗಲ್ಲ ಆ ಐಸು. ಯಾರನ್ನ ಕೊಲ್ಲುತ್ತೆ?"

ಡೈಲಾಗ್ ಮಾವನ ಜೇಬಿನಿಂದ ಸಿಗರೇಟ್ ಲೈಟರ್ ಕಿತ್ತುಕೊಂಡು, ಉಸಿರು ಬಿಗಿಹಿಡಿದು, ಕೊಳಕ್ಕೆ ಹಾರಿದಳು. ಪೋಸ್ಟ್‌ಮ್ಯಾನ್ ಕತ್ತಿ ಎತ್ತಿ ಹಿಡಿದಿದ್ದವನು ಹಾಗೇ ನಕ್ಕ. ಅವಳು ಲೈಟರ್ ಹೊತ್ತಿಸಿ, ಎಲ್ಲರಿಗೂ ಕಾಣುವಂತೆ ಕೈಯನ್ನು ನಿಧಾನ ಕೆಳಗಿಳಿಸಿದಳು. ಸೊಂಟದ ಬಳಿ ಜ್ವಾಲೆ ನೆಟ್ಟಗಿತ್ತು. ತೊಡೆಯ ಬಳಿ ತೆಳ್ಳಗಾಯಿತು. ಮೊಣಕಾಲ ಕೆಳಗೆ, ಯಾರೋ ಬೆರಳಲ್ಲಿ ಚಿವುಟಿದ ಹಾಗೆ, ಆರಿತು. ಮತ್ತೆ ಹೊತ್ತಿಸಿದಳು. ಅದೇ ಎತ್ತರದಲ್ಲಿ ಮತ್ತೆ ಆರಿತು.

ಪೋಸ್ಟ್‌ಮ್ಯಾನ್‌ನ ನಗು ನಿಂತಿತು.

"ಅಪ್ಪಾ," ಎಂದ ಮಾವ, ಮೆಲ್ಲಗೆ, ಕರೆದರೆ ಎದ್ದಾನು ಎಂಬಂತೆ. ಆಮೇಲೆ ಅವನೂ ಹಾರಿದ.

ಹೊಗೆಯಲ್ಲಿ ತಡಕಾಡಿ ರಟ್ಟೆ ಸಿಕ್ಕಿತು. ಅಜ್ಜನ ತಲೆ ಹಿಂದಕ್ಕೆ ಜೋತಿತ್ತು. ನಾಲ್ವರು ಸೇರಿ ಎತ್ತಿ, ಬಾಗಿಲು ಒದ್ದು, ಅಂಗಳದ ಬಿಸಿಲಲ್ಲಿ ಮಲಗಿಸಿದರು. ತುಟಿ ನೀಲಿಗಟ್ಟಿತ್ತು. ಡೈಲಾಗ್ ಅಜ್ಜನ ಎದೆಯ ಮೇಲೆ ಅಂಗೈಯಿಟ್ಟು ಕಾದಳು. ಒಂದು, ಎರಡು, ಮೂರು ಎಂದು ಎಣಿಸಿದಳು. ಹನ್ನೊಂದಕ್ಕೆ ಎದೆ ಒಮ್ಮೆ ಉಸಿರೆಳೆಯಿತು, ಬಾವಿಯಿಂದ ಹಗ್ಗ ಎಳೆದಂತೆ.

ನಡುಹಗಲು. ಅಜ್ಜ ಕಣ್ಣು ಬಿಟ್ಟು ಕೇಳಿದ: "ದೀಪ ಯಾಕೆ ಆರಿಸಿದ್ರಿ?"

ಎಲೆಕ್ಟ್ರಿಷಿಯನ್ ವ್ಯಾನು ತಂದ. ಮಾವನೂ ಬೇಕರಿಯವನೂ ಅಜ್ಜನನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟರು.

ಗಂಟೆ ಕಳೆದ ಮೇಲೆ ಮಾವನ ಫೋನ್ ಬಂತು. "ಉಸಿರು ಸರಿ ಹೋಗಿದೆ. ಕಣ್ಣು ಇನ್ನೂ ಮಬ್ಬು ಅಂತಾರೆ ಅಪ್ಪ, ಡಾಕ್ಟರು ಏನೂ ಹೇಳ್ತಿಲ್ಲ. ಕನ್ನಡಕ ಕೊಡಿ ಅಂತ ಒಂದೇ ಹಠ. ಅಲ್ಲೇ ಕೊಳದಲ್ಲಿರ್ಬೇಕು ನೋಡು."

ಪೋಸ್ಟ್‌ಮ್ಯಾನ್ ಅವಳಿಗಿಂತ ಮೊದಲೇ ಒಳಗೆ ಹೋದ. ಹೊಗೆಯ ಕುರುಹೂ ಇರಲಿಲ್ಲ. ಕೊಳ ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿತ್ತು, ಒಂದೊಂದು ಟೈಲ್ಸೂ ಸ್ಪಷ್ಟ. ನಡುವೆ ಅಜ್ಜನ ಕನ್ನಡಕ ಮಿನುಗುತ್ತಿತ್ತು.

"ಅಗೋ ಇದೆ. ಒಂದ್ಸಲ ಬಗ್ಗಿ ಎತ್ಕೊಂಡ್ರೆ ಆಯ್ತು," ಎಂದು ಅವನು ಮೆಟ್ಟಿಲಿಗೆ ಕಾಲಿಟ್ಟ.

"ಬಗ್ಗಬೇಡಣ್ಣಾ."

"ಹೊಗೆ ಹೋಯ್ತಲ್ಲಮ್ಮಾ. ಖಾಲಿ ಇದೆ."

"ಹೋಗಿದ್ದು ಹೊಗೆ. ಅದು ಬರೀ ನೀರಿನ ಆವಿ," ಎಂದು ಅವನ ತೋಳು ಹಿಡಿದು ಹಿಂದಕ್ಕೆಳೆದಳು. "ಇನ್ನೊಂದು, ಆ ಗ್ಯಾಸು, ಎಲ್ಲಿಗೆ ಹೋಗುತ್ತೆ? ಕೊಳಕ್ಕೆ ಬಾಗಿಲಿದ್ಯಾ?"

ಪೋಸ್ಟ್‌ಮ್ಯಾನ್ ನೀಲಿ ತಳವನ್ನು ನೋಡಿದ. ಎಷ್ಟು ನೋಡಿದರೂ ಅಲ್ಲಿ ಏನೂ ಕಾಣಲಿಲ್ಲ. ಅವನು ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ, ನೀರಿನಿಂದ ತೆಗೆಯುವ ಹಾಗೆ.

ಡೈಲಾಗ್ ಮೇಲಿನ ಮೆಟ್ಟಿಲಿಗೆ ಅಡ್ಡವಾಗಿ ಕೂತು ಮಾವನಿಗೆ ಫೋನ್ ಮಾಡಿದಳು. ಕನ್ನಡಕ ಇವತ್ತು ಸಿಗಲ್ಲ ಎಂದಳು. ಆ ಕಡೆ ಅಜ್ಜ ಏನೋ ಗೊಣಗುವುದು ಕೇಳಿಸಿತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು, ಆ ಗೊಣಗಾಟದ ನಡುನಡುವೆ ಅಜ್ಜ ಎಳೆದುಕೊಳ್ಳುತ್ತಿದ್ದ ಉಸಿರನ್ನು ಒಂದೊಂದಾಗಿ ಕೇಳುತ್ತ ಕೂತಳು.